ತೊಟ್ಟಿ ಮನೆಯಿಂದ ಮೂವತ್ತು–ನಲವತ್ತಕ್ಕೆ

ಹಳೆಯ ಪಾಲುಪಟ್ಟಿಗಳಲ್ಲಿ ಹೊಲ, ಗದ್ದೆ, ತೋಟಗಳ ಹಂಚಿಕೆ ಬೇಗ ಮುಗಿಯುತ್ತದೆ. ಸರ್ವೆ ನಂಬರು, ಚಕ್ಕುಬಂದಿ, ಎಕರೆ, ಗುಂಟೆ ಬರೆದರೆ ಆಯಿತು. ತೊಡಕು ಶುರುವಾಗುವುದು ಮನೆಯ ಸರದಿ ಬಂದಾಗ. ತೊಟ್ಟಿಯ ಮೂಡಲ ಭಾಗ ಹಿರಿಯನಿಗೆ, ಪಡುವಲ ಭಾಗ ಕಿರಿಯನಿಗೆ. ಬಾವಿಯ ನೀರು ಇಬ್ಬರಿಗೂ ಸೇರಿದ್ದು. ಹಿತ್ತಿಲಿಗೆ ಹೋಗುವ ಓಣಿಯಲ್ಲಿ ಇಬ್ಬರಿಗೂ ತಿರುಗಾಡುವ ಹಕ್ಕು. ದೇವರ ಕೋಣೆ ಒಬ್ಬನ ಪಾಲಿಗೆ ಬಂದಿದ್ದರೂ ಹಬ್ಬದ ದಿನ ಉಳಿದವರು ಬಂದು ಕೈಮುಗಿಯಲು ಅಡ್ಡಿಪಡಿಸತಕ್ಕದ್ದಲ್ಲ. ಇಂತಹ ಷರತ್ತುಗಳ ಹಿಂದೆ ಎಷ್ಟು ಪಂಚಾಯ್ತಿ, ಎಷ್ಟು ಕಣ್ಣೀರು ನಡೆದಿದೆಯೋ ಕಾಗದ ಹೇಳುವುದಿಲ್ಲ.

ಹೀಗೆ ಪಾಲಾದ ಮನೆಯ ನಡುವೆ ಒಂದು ಗೋಡೆ ಏಳುತ್ತಿತ್ತು. ಇನ್ನೊಂದು ಕಡೆ ಬೇರೆ ಒಲೆ ಹೂಡುತ್ತಿದ್ದರು. ‘ಒಲೆ ಬೇರೆಯಾಯಿತು’ ಎಂಬ ಮಾತಿಗೆ ಮನೆ ಒಡೆಯಿತು ಎಂದೇ ಅರ್ಥ. ಮುಂದಿನ ತಲೆಮಾರಿನ ಹೊತ್ತಿಗೆ ಅರ್ಧ ತೊಟ್ಟಿಯೂ ಬೇಡವಾಗಿ, ಅದನ್ನು ಮಾರಿ ಪೇಟೆಯಲ್ಲಿ ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ನಿವೇಶನ ಕೊಂಡವರು ಸಾವಿರಾರು. ಅವರ ಮಕ್ಕಳು ಅದನ್ನೂ ಬಿಟ್ಟು ಅಪಾರ್ಟ್‌ಮೆಂಟಿನ ಎರಡು ಕೋಣೆಗೆ ಹೋಗಿದ್ದಾರೆ. ದೊಡ್ಡ ಮನೆಯಿಂದ ಸಣ್ಣ ಮನೆಗೆ ನಡೆದ ಈ ಇಳಿಕೆಯನ್ನು ಸಾಮಾನ್ಯವಾಗಿ ‘ಕಾಲ ಕೆಟ್ಟಿತು, ಯಾರಿಗೂ ಹೊಂದಾಣಿಕೆ ಇಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ರೂಢಿ. ಆದರೆ ಮನೆ ಕುಗ್ಗಿದ್ದು ಜನರ ಮನಸ್ಸು ಕುಗ್ಗಿದ್ದರಿಂದಲ್ಲ. ಮನೆ ದೊಡ್ಡದಾಗಿರಲು ಇದ್ದ ಕಾರಣಗಳು ಒಂದೊಂದಾಗಿ ಹೊಸ್ತಿಲು ದಾಟಿ ಹೊರಗೆ ಹೋದವು. ಮನೆಯವರು ಹೋದದ್ದು ಕೊನೆಗೆ.

ಧಾನ್ಯಕ್ಕೆ, ದನಕ್ಕೆ ಕಟ್ಟಿದ ಮನೆ

ಹಳೆಯ ದೊಡ್ಡ ಮನೆಯ ವಿಸ್ತಾರವನ್ನು ಅಳೆದು ನೋಡಿದರೆ ಮನುಷ್ಯರು ಮಲಗಲು ಇದ್ದ ಜಾಗ ಆಶ್ಚರ್ಯವಾಗುವಷ್ಟು ಕಡಿಮೆ. ಉತ್ತರ ಕರ್ನಾಟಕದ ವಾಡೆ ಮತ್ತು ಒಕ್ಕಲು ಮನೆಗಳಲ್ಲಿ ಬಾಗಿಲು ದಾಟಿದೊಡನೆ ಸಿಗುವುದು ದನ ಕಟ್ಟುವ ಜಾಗ. ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಮಾಳಿಗೆಯಲ್ಲಿ ಬೆಳಕಿಂಡಿ. ಹಳೆ ಮೈಸೂರಿನ ತೊಟ್ಟಿ ಮನೆಯಲ್ಲಿ ಜಗಲಿ, ಹಜಾರ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ; ರಾಗಿ ತುಂಬಿಡಲು ನೆಲದಡಿ ಹಗೇವು. ಮಲೆನಾಡಿನಲ್ಲಿ ಅಡಿಕೆ ಒಣಗಿಸುವ ವಿಶಾಲ ಅಂಗಳವಿಲ್ಲದೆ ಮನೆಯೇ ಇಲ್ಲ. ಮಳೆಗಾಲದ ಸೌದೆ, ಹುಲ್ಲು, ಉಪ್ಪಿನಕಾಯಿಯ ಜಾಡಿ ಎಲ್ಲಕ್ಕೂ ಅಟ್ಟ ಬೇಕು. ಕರಾವಳಿಯ ನಾಲ್ಕು ಕಟ್ಟಿನ ಮನೆಯಲ್ಲಿ ಗೇಣಿಯಾಗಿ ಬಂದ ಅಕ್ಕಿಯ ಮುಡಿಗಳನ್ನು ಪೇರಿಸಿಡಲು, ಭತ್ತದ ಪತ್ತಾಯ ಇಡಲು ಕೋಣೆಗಳಿದ್ದವು. ಮನೆಯ ಗಂಡಸರು ಚಾವಡಿಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸಮೀಪದ ಹಳ್ಳಿಯೊಂದರಲ್ಲಿ ಅಧ್ಯಯನಕ್ಕೆಂದು ಉಳಿದದ್ದು ಹಳ್ಳಿಯ ಮುಖ್ಯಸ್ಥನಿಗೆ ಸೇರಿದ, ಎತ್ತುಗಳನ್ನು ಕಟ್ಟುವ ಮನೆಯಲ್ಲಿ. 1976ರಲ್ಲಿ ಪ್ರಕಟವಾದ ಅವರ ಪ್ರಸಿದ್ಧ ಪುಸ್ತಕದಲ್ಲಿ ಆ ‘ಎತ್ತಿನ ಮನೆ’ಯ ವರ್ಣನೆ ಸಾಕಷ್ಟಿದೆ. ಎತ್ತಿಗೆಂದೇ ಒಂದು ಮನೆ ಇದ್ದದ್ದು ಆಡಂಬರವಲ್ಲ, ಬೇಸಾಯದ ಅಗತ್ಯ. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ದೊಡ್ಡ ಮನೆಯೆಂಬುದು ಗೋದಾಮು, ಕೊಟ್ಟಿಗೆ, ಗಿರಣಿ, ಹೆರಿಗೆ ಆಸ್ಪತ್ರೆ, ಛತ್ರ, ಕಚೇರಿ ಇವೆಲ್ಲ ಒಂದೇ ಸೂರಿನಡಿ ಇದ್ದ ಸ್ಥಳ. ಉಳಿದ ಜಾಗದಲ್ಲಿ ಜನ ಇರುತ್ತಿದ್ದರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಿಂದೆ ಎಲ್ಲರೂ ದೊಡ್ಡ ಮನೆಗಳಲ್ಲಿ, ತುಂಬು ಕುಟುಂಬಗಳಲ್ಲಿ ಇದ್ದರು ಎಂಬ ನಂಬಿಕೆ ನಿಜವಲ್ಲ. ಸಮಾಜಶಾಸ್ತ್ರಜ್ಞ ಎ.ಎಂ. ಷಾ 1973ರಲ್ಲಿ ಹೊರತಂದ ತಮ್ಮ ಅಧ್ಯಯನದಲ್ಲಿ, ಕೂಡುಕುಟುಂಬವೇ ಭಾರತದ ಸರ್ವಸಾಮಾನ್ಯ ಮನೆಯಾಗಿತ್ತೆಂಬ ಭಾವನೆಯನ್ನು ಬಲವಾಗಿ ಪ್ರಶ್ನಿಸಿದ್ದಾರೆ. ಭೂಮಿ ಇದ್ದವರಿಗೆ ಒಟ್ಟಿಗಿರಲು ಕಾರಣವಿತ್ತು. ಇಲ್ಲದವರು ಮದುವೆಯಾದೊಡನೆ ಬೇರೆ ಗುಡಿಸಲು ಹಾಕುತ್ತಿದ್ದರು. ದೊಡ್ಡ ಮನೆಯ ಹಿಂದೆ, ಒಡೆಯರ ಜಮೀನಿನ ಮೂಲೆಯಲ್ಲಿ, ಆ ಮನೆಯ ಕೆಲಸದವರ ಮುಳಿಹುಲ್ಲಿನ ಗುಡಿಸಲು ಇರುತ್ತಿತ್ತು. 2011ರ ಜನಗಣತಿಯ ಪ್ರಕಾರವೂ ದೇಶದ ಶೇಕಡಾ 37ರಷ್ಟು ಕುಟುಂಬಗಳು ಒಂದೇ ಕೋಣೆಯಲ್ಲಿ ವಾಸಿಸುತ್ತಿದ್ದವು. ಸಣ್ಣ ಮನೆಗೆ ‘ಇಳಿಯುವ’ ಪ್ರಶ್ನೆ ಅವರಿಗೆ ಎಂದೂ ಬಂದಿರಲಿಲ್ಲ. ಹಾಗಾಗಿ ಈ ಕಥೆ ಕೆಲವರದು. ಆದರೆ ನಮ್ಮ ಕಾದಂಬರಿ, ಸಿನಿಮಾಗಳ ‘ಮನೆ’ ಅಂದರೆ ಆ ಕೆಲವರ ಮನೆಯೇ ಆದ್ದರಿಂದ ಅದು ಹೋದದ್ದನ್ನು ನಾಡೆಲ್ಲ ತನ್ನದೇ ಮನೆ ಹೋದಂತೆ ನೆನೆಯುತ್ತದೆ.

ಪಾಲು ಕೇಳುವ ಹಕ್ಕು

ದೊಡ್ಡ ಮನೆಯ ಗೋಡೆಯಲ್ಲಿ ಮೊದಲ ಬಿರುಕು ಮೂಡಿಸಿದ್ದು ಕಾನೂನು. ಓದಿ ನೌಕರಿ ಹಿಡಿದ ಮಗನ ಸಂಬಳ ಯಾರದು ಎಂಬುದು ಬ್ರಿಟಿಷರ ಕಾಲದ ನ್ಯಾಯಾಲಯಗಳಲ್ಲಿ ದೊಡ್ಡ ಜಗಳದ ವಿಷಯವಾಗಿತ್ತು. ಓದಿಸಿದ್ದು ಕುಟುಂಬದ ದುಡ್ಡಿನಿಂದ ಎಂದ ಮೇಲೆ ಗಳಿಕೆಯೂ ಕುಟುಂಬಕ್ಕೆ ಸೇರಬೇಕು ಎಂಬುದು ಒಂದು ವಾದ. ಬ್ರಿಟಿಷ್ ಇಂಡಿಯಾದಲ್ಲಿ 1930ರಲ್ಲಿ ಬಂದ ವಿದ್ಯಾರ್ಜಿತ ಆಸ್ತಿಯ ಕಾಯ್ದೆ ಇದಕ್ಕೆ ತೆರೆ ಎಳೆಯಿತು. ವಿದ್ಯೆಯಿಂದ ಗಳಿಸಿದ್ದು ಗಳಿಸಿದವನಿಗೇ ಸೇರಿತು. ಪೇಟೆಯ ಗುಮಾಸ್ತ, ವಕೀಲ, ಮೇಷ್ಟ್ರು ಸ್ವಂತ ಹೆಸರಿನಲ್ಲಿ ಸಣ್ಣದೊಂದು ಮನೆ ಮಾಡಿಕೊಳ್ಳಲು ಕಾನೂನಿನ ಅಡ್ಡಿ ಉಳಿಯಲಿಲ್ಲ. ಮೂರು ವರ್ಷಗಳ ನಂತರ, 1933ರಲ್ಲಿ, ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆಯನ್ನು ತಂದು ಮನೆಯ ಹೆಂಗಸರಿಗೂ ಆಸ್ತಿಯಲ್ಲಿ ಒಂದಿಷ್ಟು ಪಾಲಿನ ಹಕ್ಕು ಕೊಟ್ಟಿತು.

ತುಳುನಾಡಿನ ಕಥೆ ಬೇರೆ. ಅಲ್ಲಿ ಅಳಿಯಸಂತಾನ ಪದ್ಧತಿಯ ಕುಟುಂಬಗಳಲ್ಲಿ ಆಸ್ತಿ ತಾಯಿಯ ಬಳಿಯಲ್ಲಿ ಇಳಿದು ಬರುತ್ತಿತ್ತು. ಒಬ್ಬ ಸದಸ್ಯ ಎದ್ದು ನಿಂತು ‘ನನ್ನ ಪಾಲು ಕೊಡಿ’ ಎಂದು ಒತ್ತಾಯಿಸುವಂತಿರಲಿಲ್ಲ. ಗುತ್ತಿನ ಮನೆಗಳು ತಲೆಮಾರುಗಳ ಕಾಲ ಒಡೆಯದೆ ಉಳಿದದ್ದಕ್ಕೆ ಪ್ರೀತಿ–ವಿಶ್ವಾಸಕ್ಕಿಂತ ಈ ಕಟ್ಟಳೆಯೇ ಮುಖ್ಯ ಕಾರಣ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಆ ಕಟ್ಟನ್ನು ಬಿಚ್ಚಿತು. ಕುಟುಂಬದ ಒಂದೊಂದು ಕವರು, ಅಂದರೆ ಒಬ್ಬ ಹೆಂಗಸು ಮತ್ತು ಆಕೆಯ ಸಂತತಿಯ ಶಾಖೆ, ತನ್ನ ಪಾಲು ಕೇಳಬಹುದೆಂದಾಯಿತು. ನೆರೆಯ ಕೇರಳದಲ್ಲಂತೂ 1975ರ ಕಾಯ್ದೆ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಪಡಿಸಿತು.

ಈ ಕಾನೂನುಗಳ ಸಾಲಿನಲ್ಲಿ ಹೆಚ್ಚು ಚರ್ಚೆಯಾಗದ ಒಂದು ಕಲಮು ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೇ ಕಲಮು. ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಪಾಲು ಕೊಟ್ಟ ಅದೇ ಕಾಯ್ದೆ, ಕುಟುಂಬದವರು ವಾಸವಿರುವ ಮನೆಯ ಮಟ್ಟಿಗೆ ಮಾತ್ರ ಕೈ ಹಿಡಿದು ನಿಲ್ಲಿಸಿತ್ತು. ಗಂಡು ವಾರಸುದಾರರು ತಾವಾಗಿ ಮನೆಯನ್ನು ಹಂಚಿಕೊಳ್ಳಲು ಮನಸ್ಸು ಮಾಡುವ ತನಕ ಹೆಣ್ಣುಮಗಳು ಅದರ ವಿಭಾಗ ಕೇಳುವಂತಿರಲಿಲ್ಲ. ಮದುವೆಯಾಗದ, ಗಂಡ ಬಿಟ್ಟ ಅಥವಾ ವಿಧವೆಯಾದ ಮಗಳಿಗೆ ಅಲ್ಲಿ ಇರುವ ಹಕ್ಕು ಮಾತ್ರ ಇತ್ತು. ದೊಡ್ಡ ಮನೆಯನ್ನು ಒಡೆಯದೆ ಉಳಿಸಬೇಕೆಂಬ ಕಾಳಜಿಯ ಬೆಲೆ ತೆತ್ತವರು ಯಾರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ಬೇಕಿಲ್ಲ. ಈ ಕಲಮು 2005ರ ತಿದ್ದುಪಡಿಯವರೆಗೂ, ಅಂದರೆ ಹೆಚ್ಚುಕಡಿಮೆ ಅರ್ಧ ಶತಮಾನ ಜಾರಿಯಲ್ಲಿತ್ತು. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಹಕ್ಕು ಕೊಟ್ಟಿತಾದರೂ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಹೊತ್ತಿಗೆ ಪಾಲು ಕೇಳಬಹುದಾದ ಎಷ್ಟೋ ಮನೆಗಳು ಮಾರಿಹೋಗಿದ್ದವು.

ಅಕ್ಕಿ ಬರುವುದು ನಿಂತಿತು

ಕಾನೂನು ಪಾಲು ಕೇಳುವ ಹಕ್ಕು ಕೊಟ್ಟಿತು ನಿಜ. ಆದರೆ ಬರುವ ಗೇಣಿ ಬರುತ್ತಿದ್ದಷ್ಟು ಕಾಲ ಮನೆಯ ಮಾಡು ಸೋರದಂತೆ ನೋಡಿಕೊಳ್ಳಲು ಸಾಧ್ಯವಿತ್ತು. ಹೆಂಚು ತಿರುವಿ ಹಾಕಬೇಕು, ಪಕಾಸು ರೀಪು ಬದಲಿಸಬೇಕು, ಗೆದ್ದಲು ಹಿಡಿಯದಂತೆ ಕಂಬಕ್ಕೆ ಎಣ್ಣೆ ಬಳಿಯಬೇಕು, ವರ್ಷಕ್ಕೊಮ್ಮೆ ಸುಣ್ಣ ಕಾಣಿಸಬೇಕು. ಇದೆಲ್ಲ ಒಕ್ಕಲುಗಳ ಬಿಟ್ಟಿ ಚಾಕರಿಯಿಂದಲೋ ಅಕ್ಕಿಯ ಕೂಲಿಯಿಂದಲೋ ನಡೆಯುತ್ತಿತ್ತು.

ಈ ಅಕ್ಕಿಯ ಲೆಕ್ಕವೇ ಒಂದು ಚಳವಳಿಯ ಮೂಲವಾಯಿತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು ಗೇಣಿ ಅಳೆಯುವ ಕೊಳಗದ ಮೇಲೆ. ಒಡೆಯರ ಮನೆಯ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು ಎಂಬುದು ಅವರ ದೂರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಮೇಲೆ ಕಾಗೋಡಿನ ಹೆಸರು ದೇಶಕ್ಕೆಲ್ಲ ತಿಳಿಯಿತು. ದೊಡ್ಡ ಮನೆ ಎಷ್ಟು ದೊಡ್ಡದು ಎಂಬುದಕ್ಕೂ ಕೊಳಗ ಎಷ್ಟು ದೊಡ್ಡದು ಎಂಬುದಕ್ಕೂ ನೇರ ಸಂಬಂಧವಿತ್ತು.

ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನೆಲ್ಲ ಅಂದಿನಿಂದ ಸರ್ಕಾರದ ವಶ. ಉಳುವವನು ಭೂನ್ಯಾಯ ಮಂಡಳಿಗೆ 7ನೇ ನಮೂನೆಯ ಅರ್ಜಿ ಹಾಕಿ ಒಡೆತನ ಪಡೆಯಬೇಕು. ಗೇಣಿ ಪದ್ಧತಿ ದಟ್ಟವಾಗಿದ್ದ ದಕ್ಷಿಣ ಕನ್ನಡ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಇದರ ಪರಿಣಾಮ ಬಹಳ. ಕರಾವಳಿಯ ಹಿರಿಯರ ಬಾಯಲ್ಲಿ ‘ಡಿಕ್ಲರೇಷನ್’ ಎಂಬುದು ಕಾಲವನ್ನು ಹಿಂದೆ ಮುಂದೆ ಎಂದು ಭಾಗ ಮಾಡುವ ಪದವಾಗಿ ಉಳಿದಿದೆ. ಮುಡಿ ಅಕ್ಕಿ ಬರುವುದು ನಿಂತ ಮೇಲೆ ಹತ್ತಾರು ಕೋಣೆಯ ಮನೆಗೆ ಹೆಂಚು ಹೊದಿಸುವವರು ಯಾರು? ಜಮೀನು ಹೋದರೂ ಮನೆ ಉಳಿದವರು ಮೊದಲು ಕೊಟ್ಟಿಗೆ ಕಳಚಿದರು, ಆಮೇಲೆ ಸೋರುವ ಒಂದು ಪಾರ್ಶ್ವವನ್ನು ಬಿಚ್ಚಿದರು, ಉಳಿದ ಭಾಗಕ್ಕೆ ಬಾಗಿಲಿಟ್ಟು ಮುಂಬಯಿಗೋ ಬೆಂಗಳೂರಿಗೋ ಮಕ್ಕಳಿದ್ದಲ್ಲಿಗೆ ಹೋದರು. ಸಣ್ಣ ಹಿಡುವಳಿಯನ್ನೇ ಗೇಣಿಗೆ ಕೊಟ್ಟಿದ್ದ ವಿಧವೆಯರು, ಬಡ ಅರ್ಚಕರು ಸಹ ಇದರಲ್ಲಿ ಸಿಕ್ಕಿಕೊಂಡು ಸಂಕಟಪಟ್ಟದ್ದುಂಟು.

ಅದೇ ಕಾಯ್ದೆಯ 38ನೇ ಕಲಮಿನಲ್ಲಿ ಇನ್ನೊಂದು ಮನೆಯ ಮಾತಿದೆ. ಒಡೆಯರ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೃಷಿ ಕಾರ್ಮಿಕರಿಗೆ ಆ ಮನೆಯಡಿಯ ಮೇಲೆ ಹಕ್ಕು ಸಿಗುವಂತೆ ಅದು ಮಾಡಿತು. ‘ಹೊರಡು’ ಎಂದರೆ ಹೊರಡಲೇಬೇಕಾಗಿದ್ದವರಿಗೆ ಮೊದಲ ಸಲ ಪಟ್ಟೆ ಬಂತು. ಅರಸು ಕಾಲದ ಜನತಾ ಮನೆಗಳು ಬಂದದ್ದೂ ಆಗಲೇ. ಒಂದೇ ಊರಿನಲ್ಲಿ ಒಬ್ಬರು ದೊಡ್ಡ ಮನೆಯಿಂದ ಇಳಿಯುತ್ತಿದ್ದ ದಿನಗಳಲ್ಲಿ ಇನ್ನೊಬ್ಬರು ತಮ್ಮದೇ ಆದ ಸಣ್ಣ ಮನೆಗೆ ಏರುತ್ತಿದ್ದರು.

ಕೆಲಸಗಳು ಹೊರಗೆ ಹೋದವು

ಭೂಮಿಯ ಪ್ರಶ್ನೆಯೇ ಇಲ್ಲದಿದ್ದ ಕಡೆಗಳಲ್ಲೂ ಮನೆ ಕುಗ್ಗಿತು. ಅಕ್ಕಿ ಗಿರಣಿ ಬಂದಾಗ ಒನಕೆ, ಒರಳಿನ ಜಾಗ ಖಾಲಿಯಾಯಿತು. ರಾಗಿ ತಿಂಗಳಿಗಿಷ್ಟು ಎಂದು ಅಂಗಡಿಯಲ್ಲಿ ಸಿಗತೊಡಗಿದ ಮೇಲೆ ಹಗೇವಿಗೆ ಮಣ್ಣು ತುಂಬಿದರು. ಟ್ರ್ಯಾಕ್ಟರು ಎತ್ತಿನ ಕೊಟ್ಟಿಗೆಯನ್ನು ಬೇಡವಾಗಿಸಿತು. ಹೆರಿಗೆ ಆಸ್ಪತ್ರೆಗೆ ಹೋಯಿತು, ಬಾಣಂತಿ ಕೋಣೆ ಸಾಮಾನು ತುಂಬುವ ಕೋಣೆಯಾಯಿತು. ವಾರಗಟ್ಟಲೆ ಚಪ್ಪರ ಹಾಕಿ ಅಂಗಳದಲ್ಲಿ ನಡೆಯುತ್ತಿದ್ದ ಮದುವೆ ಕಲ್ಯಾಣ ಮಂಟಪಕ್ಕೆ ಹೋಯಿತು. ಸೌದೆ ಹೋಗಿ ಗ್ಯಾಸು ಬಂದಾಗ ಅಟ್ಟ ಮತ್ತು ಹಂಡೆಯೊಲೆ ಒಟ್ಟಿಗೆ ನಿವೃತ್ತವಾದವು. ಇವುಗಳಲ್ಲಿ ಯಾವುದೂ ಮನೆ ಸಣ್ಣದು ಮಾಡಬೇಕೆಂದು ಬಂದದ್ದಲ್ಲ. ಆದರೆ ಒಟ್ಟು ಪರಿಣಾಮ ಅದೇ.

ಈ ಕೆಲಸಗಳನ್ನು ಮಾಡುತ್ತಿದ್ದವರ ಕಡೆಯಿಂದ ನೋಡಿದರೆ ದೊಡ್ಡ ಮನೆಯ ನೆನಪು ಅಷ್ಟು ಸಿಹಿಯಾಗಿರಲಾರದು. ಅಂಗಳ ಸಾರಿಸುವುದು, ಬಾವಿಯಿಂದ ನೀರು ಸೇದುವುದು, ಇಪ್ಪತ್ತು ಮೂವತ್ತು ಜನರಿಗೆ ಹೊಗೆಯಲ್ಲಿ ಕೂತು ಬೇಯಿಸುವುದು, ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವುದು ಸೊಸೆಯಂದಿರ ಪಾಲು. ಬೇರೆ ಸಂಸಾರ ಹೂಡಲು ಗಂಡನನ್ನು ಒತ್ತಾಯಿಸಿದ ‘ಮನೆಮುರುಕಿ’ ಎಂಬ ಬೈಗುಳ ಬಹುಮಟ್ಟಿಗೆ ಹೆಂಗಸರಿಗೇ ಬಿದ್ದದ್ದು ಇದೇ ಕಾರಣಕ್ಕೆ. ಆದರೆ ಲೆಕ್ಕಕ್ಕೆ ಮತ್ತೊಂದು ಬದಿಯೂ ಇದೆ. ದೊಡ್ಡ ಮನೆಯ ಹಿಂಬದಿಯ ಮಬ್ಬುಗತ್ತಲ ಕೋಣೆಯಲ್ಲಿ ವಿಧವೆ ಸೋದರತ್ತೆಗೊಂದು ಜಾಗ, ತಾಯಿಯಿಲ್ಲದ ಮಗುವಿಗೊಂದು ಚಾಪೆ ಇರುತ್ತಿತ್ತು. ಮರ್ಯಾದೆ ಇರುತ್ತಿತ್ತೇ ಎಂಬುದು ಬೇರೆ ಮಾತು. ಎರಡು ಕೋಣೆಯ ಮನೆಯ ನಕ್ಷೆಯಲ್ಲಿ ಅವರಿಗೆ ಮೂಲೆಯೇ ಇಲ್ಲ. 1936ರಲ್ಲಿ ಪ್ರಕಟವಾದ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ ಮನೆ ಪಾಲಾದ ಮೇಲೆ ಹೂವಯ್ಯ ಕೆಳಕಾನೂರಿನ ಸಣ್ಣ ಮನೆಗೆ ಹೋಗಿ ನೆಲೆಸುತ್ತಾನೆ. ಓದುಗರ ಮನಸ್ಸು ಅವನ ಜೊತೆ ಹೋಗುತ್ತದೆ, ದೊಡ್ಡ ಮನೆಯಲ್ಲಿ ಉಳಿಯುವುದಿಲ್ಲ. ಮಲೆನಾಡಿನ ದೊಡ್ಡ ಮನೆಯಲ್ಲೇ ಬೆಳೆದ ಲೇಖಕರು ಇದನ್ನು ಬರೆದರು ಎಂಬುದು ಗಮನಾರ್ಹ.

ಅಡಿಗಳಲ್ಲಿ ಅಳೆದ ಮನೆ

ಪೇಟೆಯಲ್ಲಿ ಮನೆಯ ಅಳತೆಯನ್ನು ಮೊದಲು ಬದಲಿಸಿದ್ದು ಪ್ಲೇಗು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಒತ್ತೊತ್ತಾದ, ಗಾಳಿಯಾಡದ ಮನೆಗಳ ಮೇಲೆ ಸರ್ಕಾರದ ಕಣ್ಣು ಬಿತ್ತು. ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡದ್ದು ಆ ಭಯದ ಬೆನ್ನಿಗೇ. ನೇರ ರಸ್ತೆಗಳು, ಮನೆಯ ಸುತ್ತ ಖಾಲಿ ಜಾಗ, ಹಿಂದೆ ಕಿರು ಓಣಿ. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಬಂತು, ಬೆಂಗಳೂರಿನಲ್ಲಿ 1945ರಲ್ಲಿ. ಅದರ ಜಾಗಕ್ಕೆ 1976ರಲ್ಲಿ ಬಂದದ್ದೇ ಬಿಡಿಎ.

ಹೊಸ ಬಡಾವಣೆಯ ಮನೆ ತೊಟ್ಟಿ ಮನೆಯ ತಿರುವುಮುರುವು. ತೊಟ್ಟಿ ಮನೆಯಲ್ಲಿ ಖಾಲಿ ಜಾಗ ನಡುವೆ ಇತ್ತು, ಸುತ್ತ ಮನೆ. ಇಲ್ಲಿ ಮನೆ ನಡುವೆ, ಖಾಲಿ ಜಾಗ ಸುತ್ತ. ನಿವೇಶನ ಸಣ್ಣದಾದಂತೆ ಆ ಖಾಲಿ ಜಾಗ ಎರಡಡಿ ಮೂರಡಿಗೆ ಇಳಿದು, ಕಡೆಗೆ ನೀರಿನ ಪೈಪು ಹಾಯುವ ಸಂದಿಯಾಯಿತು. ಮೂವತ್ತು–ನಲವತ್ತು ಎಂದರೆ 1,200 ಚದರಡಿ. ನಿವೃತ್ತಿಯ ಹಣ ಮತ್ತು ಬ್ಯಾಂಕ್ ಸಾಲ ಸೇರಿಸಿ ಮಧ್ಯಮ ವರ್ಗದವರು ಕಟ್ಟಿದ ಮನೆಗಳ ಸರಾಸರಿ ಕನಸು ಅದು. ಅಷ್ಟು ದೊರಕದವರು ವಠಾರದಲ್ಲಿ ಉಳಿದರು. ಒಂದೇ ಅಂಗಳ, ಒಂದೇ ನಲ್ಲಿ, ಸಾಲಾಗಿ ಮನೆಗಳು. ತೊಟ್ಟಿ ಮನೆಯ ಹತ್ತಿರದ ನೆಂಟ ಯಾರಾದರೂ ಪೇಟೆಯಲ್ಲಿ ಇದ್ದರೆ ಅದು ವಠಾರವೇ. ಸಂಬಂಧ ಮಾತ್ರ ರಕ್ತದ್ದಲ್ಲ, ಬಾಡಿಗೆಯದು. ಅಪಾರ್ಟ್‌ಮೆಂಟ್ ಒಡೆತನಕ್ಕೆ ಕರ್ನಾಟಕದಲ್ಲಿ 1972ರ ಕಾಯ್ದೆಯೊಂದು ಇದ್ದರೂ ಬೆಂಗಳೂರಿನ ಬಂಗಲೆಗಳು ದೊಡ್ಡ ಪ್ರಮಾಣದಲ್ಲಿ ಕೆಳಗುರುಳಿ ಅಂತಸ್ತುಗಳಾದದ್ದು ಅದರ ನಂತರದ ದಶಕಗಳಲ್ಲಿ. ಸರ್ಕಾರದ ಇಂದಿನ ಗ್ರಾಮೀಣ ವಸತಿ ಯೋಜನೆಯಲ್ಲಿ ಮನೆಯ ಕನಿಷ್ಠ ಅಳತೆ 25 ಚದರ ಮೀಟರು, ಸುಮಾರು 270 ಚದರಡಿ. ಕೆಲವು ತೊಟ್ಟಿ ಮನೆಗಳ ಹಜಾರವೊಂದೇ ಅಷ್ಟಿತ್ತು.

ಸಾಮಾನು ಎಲ್ಲಿಗೆ ಹೋಯಿತು?

ಸಣ್ಣ ಮನೆಗೆ ಹೋಗುವವರ ಎದುರಿನ ದೊಡ್ಡ ಪ್ರಶ್ನೆ ಇದು. ಕೊಪ್ಪರಿಗೆ, ಹಂಡೆ, ತಪ್ಪಲೆಗಳು ತೂಕಕ್ಕೆ ಹೋದವು. ಬೀದಿಗೆ ಬರುತ್ತಿದ್ದ ಪಾತ್ರೆ ವ್ಯಾಪಾರಿ ಹಳೆಯ ತಾಮ್ರ, ಹಿತ್ತಾಳೆ ಪಡೆದು ಹೊಳೆಯುವ ಸ್ಟೀಲು ಕೊಡುತ್ತಿದ್ದ. ತೊಳೆಯಲು ಹಗುರ, ಕಲಾಯಿಯ ಕಾಟವಿಲ್ಲ ಎಂದು ಹೆಂಗಸರು ಸಂತೋಷದಿಂದಲೇ ಕೊಟ್ಟರು. ಕೆತ್ತನೆಯ ಕಂಬ, ಬಾಗಿಲವಾಡ, ತೊಲೆಗಳು ಹಳೆ ಮರದ ವ್ಯಾಪಾರಿಗಳ ಮೂಲಕ ಹೋಟೆಲು, ರೆಸಾರ್ಟುಗಳಿಗೆ ಸೇರಿದವು. ಅಟ್ಟದ ಮೇಲಿದ್ದ ಓಲೆಗರಿ, ಕಡತಗಳ ಗತಿ ಎರಡು ಬಗೆ. ಅದೃಷ್ಟವಿದ್ದರೆ 1891ರಲ್ಲಿ ಆರಂಭವಾದ ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯದಂತಹ ಕಡೆಗೆ, ಇಲ್ಲದಿದ್ದರೆ ಹಂಡೆಯೊಲೆಗೆ. 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದ ಪ್ರಾಚ್ಯ ವಸ್ತುಗಳನ್ನೂ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳನ್ನೂ ಖಾಸಗಿಯವರು ವಿದೇಶಕ್ಕೆ ಸಾಗಿಸದಂತೆ ತಡೆಯುತ್ತದೆ. ಆದರೆ ಮನೆಯೊಡೆಯನೇ ಒಲೆಗೆ ಹಾಕಿದರೆ ಯಾವ ಕಾಯ್ದೆ ತಾನೇ ಏನು ಮಾಡೀತು?

ಇಡೀ ಮನೆಗಳನ್ನೇ ಎತ್ತಿ ಇಟ್ಟವರೂ ಇದ್ದಾರೆ. 2017ರಲ್ಲಿ ತೀರಿಕೊಂಡ ಮಣಿಪಾಲದ ವಿಜಯನಾಥ ಶೆಣೈ, ಕೆಡವುತ್ತಿದ್ದ ಮನೆಗಳ ಕಂಬ, ಬಾಗಿಲುಗಳನ್ನು ತಂದು ಮೊದಲು ತಮ್ಮ ಮನೆ ‘ಹಸ್ತಶಿಲ್ಪ’ವನ್ನು ಕಟ್ಟಿದರು. ನಂತರ ಬೇರೆ ಬೇರೆ ಊರುಗಳ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ಮಣಿಪಾಲದಲ್ಲಿ ಒಂದು ಪರಂಪರೆಯ ಗ್ರಾಮವನ್ನೇ ಮಾಡಿದರು. ಚೆನ್ನೈ ಹತ್ತಿರ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆಯೊಂದಿದೆ. ದೊಡ್ಡವರ ಮನೆಗಳ ಜೊತೆ ಮಗ್ಗದ ಮನೆಯೂ ಉಳಿಯಬೇಕೆಂದು ಅಲ್ಲಿನವರಿಗೆ ತೋಚಿದ್ದು ಮೆಚ್ಚತಕ್ಕದ್ದು. ಕುಪ್ಪಳಿಯ ಕುವೆಂಪು ಮನೆ ಇದ್ದಲ್ಲೇ ಸ್ಮಾರಕವಾಗಿದೆ. ಪ್ರವಾಸಿಗಳು ತೊಟ್ಟಿಯ ಸುತ್ತ ನಡೆದು, ಬಾಣಂತಿ ಕೋಣೆಯಲ್ಲಿ ಇಣುಕಿ, ಇಷ್ಟು ದೊಡ್ಡ ಮನೆಯೇ ಎಂದು ಬೆರಗಾಗಿ ಬಸ್ಸು ಹತ್ತುತ್ತಾರೆ.

ಇವೆರಡೂ ಅಲ್ಲದ ಮೂರನೆಯ ಬಗೆಯ ಮನೆಗಳು ತುಳುನಾಡಿನಲ್ಲಿ ಇಂದಿಗೂ ಕಾಣುತ್ತವೆ. ಆಸ್ತಿಯೆಲ್ಲ ಪಾಲಾಗಿರುತ್ತದೆ, ಆದರೆ ಕುಟುಂಬದ ದೈವ ಇರುವ ಮನೆಯನ್ನು ಯಾರ ಹೆಸರಿಗೂ ಬರೆಯದೆ ಎಲ್ಲರಿಗೂ ಸೇರಿದ್ದೆಂದು ಬಿಟ್ಟಿರುತ್ತಾರೆ. ವರ್ಷದ ಬಹುಕಾಲ ಬೀಗ. ತಂಬಿಲಕ್ಕೋ ನಾಗನಿಗೆ ತನು ಹಾಕುವುದಕ್ಕೋ ಮುಂಬಯಿ, ಬೆಂಗಳೂರು, ದುಬೈಗಳಿಂದ ಕುಟುಂಬದವರು ಬಂದಾಗ ಬಾಗಿಲು ತೆರೆಯುತ್ತದೆ. ಎರಡು ಕೋಣೆಯ ಮನೆಗಳಲ್ಲಿ ಬೆಳೆದ ಮಕ್ಕಳು ಚಾವಡಿಯಲ್ಲಿ ಓಡಾಡುತ್ತಾರೆ. ಮಧ್ಯಾಹ್ನದ ಊಟವಾದ ಮೇಲೆ ಹಿರಿಯರು ಕೂತು ಈ ಮಳೆಗಾಲಕ್ಕೆ ಮೊದಲು ಹೆಂಚು ಬದಲಿಸಲು ಒಂದೊಂದು ಕವರಿನವರು ಎಷ್ಟು ಹಾಕಬೇಕೆಂದು ಪಟ್ಟಿ ಮಾಡುತ್ತಾರೆ.